ಗುರುತ್ವ 9,81: ಟ್ಯೂರಿನ್ನಿನಿಂದ ಬಂದ ಒಂದು ಪಾಠ



2020ರ ಮಾರ್ಚ್ ತಿಂಗಳ ಮಧ್ಯಭಾಗ. ಇಟಲಿಯಲ್ಲಿ ಆಗಲೇ ಮನೆಮನೆಯ ಬಾಗಿಲು ಮುಚ್ಚಿತ್ತು. ನಮ್ಮಲ್ಲಿ ಇನ್ನೂ ಮುಚ್ಚಿರಲಿಲ್ಲ. ಟ್ಯೂರಿನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಹನ ತಂತ್ರಜ್ಞಾನ ಓದಲು ಹೋಗಿದ್ದ ನನ್ನ ವಿದ್ಯಾರ್ಥಿಯೊಬ್ಬ ಒಂದು ಸಂಜೆ ದೂರವಾಣಿ ಮಾಡಿದ. ಹುಡುಗ ಬಾಡಿಗೆಯ ಕೋಣೆಯಲ್ಲಿ ಒಂಟಿ. ಬೀದಿಯಲ್ಲಿ ಆಂಬುಲೆನ್ಸಿನ ಸದ್ದು, ಸಂಜೆಯ ಹೊತ್ತು ಬಾಲ್ಕನಿಗಳಲ್ಲಿ ಜನರ ಹಾಡು. ಇವೆರಡರ ನಡುವೆ ತಾನು ಕುಳಿತಿರುವುದಾಗಿ ಹೇಳಿದ. ತಾಯಿಗೆ ಧೈರ್ಯವಾಗಿ ಮಾತನಾಡಿ ಮುಗಿಸಿ, ಅಳುವುದಕ್ಕೆ ಮೊದಲು ಯಾರೊಡನೆಯಾದರೂ ಬೇರೆ ಏನಾದರೂ ಮಾತನಾಡಬೇಕೆಂದು ನನ್ನನ್ನು ಹುಡುಕಿದ್ದನೆಂದು ಆಮೇಲೆ ತಿಳಿಯಿತು. ಆಗ ಅವನು ಹೇಳಿದ್ದು ಇಷ್ಟೇ: "ಸಾರ್, ಮನೆ ಓನರ್ ಅಜ್ಜ ಬೇಜಾರಾದ್ರೆ ಕೇಳು ಅಂತ ಹಳೇ ರೆಕಾರ್ಡುಗಳನ್ನ ಬಾಗಿಲ ಹತ್ರ ಇಟ್ಟು ಹೋಗಿದ್ದಾರೆ. ಅದರಲ್ಲಿ ಒಂದರ ಹಾಡುಗಳ ಹೆಸರು ಓದ್ತೀನಿ, ಕೇಳಿ. ಗುರುತ್ವ 9.81. ತುಕ್ಕು ಹಿಡಿಯುವಿಕೆ. ಧನ, ಋಣ. ಫ್ಯಾರನ್‌ಹೀಟ್. ನಿಮ್ಮ ಎಂಟನೇ ಕ್ಲಾಸಿನ ಸಿಲಬಸ್ಸೇ ಇದೆ ಸಾರ್!"

ನಾನು ನಕ್ಕೆ. ಅವನೂ ನಕ್ಕ. ಆ ರಾತ್ರಿ ಅವನು ಅದರ ಕೊಂಡಿಯನ್ನು ಮೊಬೈಲಿಗೆ ಕಳುಹಿಸಿದ. ಹೀಗೆ ನನ್ನ ಅರವತ್ತೆರಡನೆಯ ವಯಸ್ಸಿನಲ್ಲಿ, ಕರ್ನಾಟಕ ಸಂಗೀತವನ್ನೂ ಪಿ. ಕಾಳಿಂಗರಾಯರನ್ನೂ ಬಿಟ್ಟು ಬೇರೇನನ್ನೂ ಗಂಭೀರವಾಗಿ ಕೇಳದಿದ್ದ ನನ್ನ ಮನೆಯೊಳಕ್ಕೆ 'ಆರ್ತಿ ಎ ಮೆಸ್ತಿಯೆರಿ' ಎಂಬ ಇಟಲಿಯ ತಂಡವೂ ಅದರ 'ಟಿಲ್ಟ್' ಎಂಬ 1974ರ ಧ್ವನಿಮುದ್ರಿಕೆಯೂ ಪ್ರವೇಶಿಸಿದವು.

ಮೊದಲು ಹೆಸರುಗಳ ವಿಚಾರವನ್ನೇ ಹೇಳಿಬಿಡುತ್ತೇನೆ. ಮೇಷ್ಟರ ಚಾಳಿ ಎಂದು ಕ್ಷಮಿಸಿ. ಮುದ್ರಿಕೆಯ ಮೊದಲ ತುಣುಕಿನ ಹೆಸರನ್ನು ಇಟಾಲಿಯನ್ನರು 'ಗ್ರಾವಿತಾ 9,81' ಎಂದು ಬರೆಯುತ್ತಾರೆ. ದಶಮಾಂಶಕ್ಕೆ ನಾವು ಬಿಂದುವನ್ನಿಟ್ಟರೆ ಅವರು ಅಲ್ಪವಿರಾಮವನ್ನಿಡುತ್ತಾರೆ. ನಾನು ಮೂವತ್ತಾರು ವರ್ಷ ಕರಿಹಲಗೆಯ ಮೇಲೆ 9.8 ಎಂದೇ ಬರೆದೆ. ನೀವೂ ಹಾಗೆಯೇ ಬಾಯಿಪಾಠ ಮಾಡಿದಿರಿ. ಆದರೆ ಈ ಬೆಲೆ ಭೂಮಿಯ ಮೇಲೆ ಎಲ್ಲೆಡೆಯೂ ಒಂದೇ ಅಲ್ಲ. ಧ್ರುವಗಳಲ್ಲಿ ಸುಮಾರು 9.83, ಸಮಭಾಜಕದಲ್ಲಿ 9.78. ನಮ್ಮ ಬೆಂಗಳೂರು ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟದಿಂದ ಎತ್ತರವೂ ಹೌದಾದ್ದರಿಂದ ಇಲ್ಲಿಯೂ ಹೆಚ್ಚುಕಡಿಮೆ 9.78. ಟ್ಯೂರಿನ್ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಲ್ಲಿ 9.80ಕ್ಕಿಂತ ತುಸು ಹೆಚ್ಚು. ಅಂದರೆ ಆ ಶೀರ್ಷಿಕೆ ಅವರ ಊರಿಗೆ ಸರಿ, ನಮ್ಮ ಊರಿಗೆ ಅಲ್ಲ. ಇದನ್ನು ಆ ಹುಡುಗನಿಗೆ ಅದೇ ರಾತ್ರಿ ಬರೆದು ಕಳುಹಿಸಿದೆ. "ಸಾರ್, ಹಾಡು ಕೇಳಿದ್ರಾ?" ಎಂದು ಮರುಪ್ರಶ್ನೆ ಬಂತು.

ಇನ್ನು 'ಫ್ಯಾರನ್‌ಹೀಟ್' ಎಂಬುದನ್ನು ಅವರು ರೋಮನ್ ಲಿಪಿಯಲ್ಲಿ ಒಂದು ಅಕ್ಷರ ಕಡಿಮೆ ಮಾಡಿ ತಪ್ಪಾಗಿ ಮುದ್ರಿಸಿದ್ದಾರೆ. ನನ್ನ ಕೈ ತಾನಾಗಿಯೇ ಕೆಂಪು ಶಾಯಿಯ ಲೇಖನಿಯನ್ನು ಹುಡುಕಿತು. ಸಾಲದ್ದಕ್ಕೆ ಮುದ್ರಿಕೆಯ ಹೊದಿಕೆಯ ಮೇಲೆ ದೊಡ್ಡದೊಂದು ಆಲಿಕೆಯ ಚಿತ್ರ! ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಆಲಿಕೆ ಇರಲಿಲ್ಲವಾಗಿ ಸೀಮೆಎಣ್ಣೆ ಅಂಗಡಿಯಿಂದ ಎರವಲು ತರುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು.

ಹಾಡು ಕೇಳಿದೆನೇ? ಕೇಳಿದೆ; ಎರಡು ನಿಮಿಷದಲ್ಲಿ ನಿಲ್ಲಿಸಿದೆ. ಅಡುಗೆಮನೆಯಿಂದ ಬಂದ ನನ್ನವಳು "ಏನದು, ಪಾತ್ರೆ ಸ್ಟ್ಯಾಂಡೇ ಉರುಳಿತಲ್ಲ!" ಎಂದಳು. ಆ ಡ್ರಮ್ ವಾದಕನ ಹೆಸರು ಫೂರಿಯೊ ಕಿರಿಕೊ ಎಂದು ತಿಳಿದ ಮೇಲಂತೂ "ಹೆಸರಿಗೆ ತಕ್ಕ ಕಿರಿಕ್" ಎಂದು ನಮ್ಮ ಮನೆಯಲ್ಲಿ ಅದೊಂದು ಮಾತೇ ಆಗಿಹೋಯಿತು. ನನಗೆ ತೊಡಕಾದದ್ದು ಗದ್ದಲವಷ್ಟೇ ಅಲ್ಲ. ಅದರಲ್ಲಿ ಮಾತಿರಲಿಲ್ಲ. ನಾವು ಸಂಗೀತವನ್ನು ಕೇಳುವಾಗಲೂ ಕಿವಿಯ ಒಂದು ಮೂಲೆಯಲ್ಲಿ ಸಾಹಿತ್ಯವನ್ನು ಹುಡುಕುತ್ತಿರುತ್ತೇವೆ. ವೀಣೆಯಲ್ಲಿ ಕೃತಿಯನ್ನು ನುಡಿಸಿದರೂ ಗೊತ್ತಿದ್ದವರು ಒಳಗೊಳಗೇ ಪದಗಳನ್ನು ಹೇಳಿಕೊಳ್ಳುತ್ತಾರೆ. ನಾನಂತೂ ವೃತ್ತಿಯಿಂದಲೇ 'ಅರ್ಥವೇನು?' ಎಂದು ಕೇಳುವವನು. ಅರ್ಥ ಹೇಳಲಾರದ್ದು ನನ್ನ ತರಗತಿಯಲ್ಲಿ ಅಂಕ ಪಡೆಯುತ್ತಿರಲಿಲ್ಲ.

ಆದರೂ ಅದನ್ನು ಮತ್ತೆ ಕೇಳಿದ್ದಕ್ಕೆ ಕಾರಣ ಕಲಾಪ್ರೇಮವಲ್ಲ. ಮಾರ್ಚ್ 25ರಿಂದ ನಮಗೂ ಗೃಹಬಂಧನವಾಯಿತು. ಆ ಹುಡುಗ ಪ್ರತಿ ಸಂಜೆ ಕರೆ ಮಾಡುತ್ತಿದ್ದ. ಅವನೊಡನೆ ಸಾವಿನ ಸಂಖ್ಯೆಗಳನ್ನು ಬಿಟ್ಟು ಮಾತನಾಡಲು ನನಗೊಂದು ವಿಷಯ ಬೇಕಿತ್ತು. ಇಡೀ ಮುದ್ರಿಕೆಯ ಅವಧಿ ಸುಮಾರು 36 ನಿಮಿಷ. ಹಾಜರಿ ಕರೆಯುವ ನಾಲ್ಕು ನಿಮಿಷ ಸೇರಿಸಿದರೆ ನಮ್ಮ ಒಂದು ಪೀರಿಯಡ್. ದಿನಕ್ಕೊಂದು ಪೀರಿಯಡ್ ಎಂದು ನಿಶ್ಚಯಿಸಿಕೊಂಡೆ. ಅವನು ಅಲ್ಲಿಂದ ತಂಡದ ಬಗ್ಗೆ ಓದಿ ಹೇಳುವುದು, ನಾನು ಇಲ್ಲಿ ಕೇಳಿ ಪ್ರಶ್ನೆ ಹಾಕುವುದು. ವಿದ್ಯಾರ್ಥಿ ಮೇಷ್ಟರಾದ, ಮೇಷ್ಟರು ವಿದ್ಯಾರ್ಥಿಯಾದರು.

ತಂಡದ ಹೆಸರಿಗೆ 'ಕಲೆಗಳು ಮತ್ತು ಕಸುಬುಗಳು' ಎಂದರ್ಥ. ಊರಿಗೆ ಒಪ್ಪುವ ಹೆಸರು. ಟ್ಯೂರಿನ್ ಎಂದರೆ ಫಿಯಟ್ ಕಾರಿನ ಊರು. 1923ರಲ್ಲಿ ಆರಂಭವಾದ ಅಲ್ಲಿನ ಲಿಂಗೊಟ್ಟೊ ಕಾರ್ಖಾನೆಯ ಚಾವಣಿಯ ಮೇಲೆಯೇ ಹೊಸ ಕಾರುಗಳನ್ನು ಓಡಿಸಿ ನೋಡುವ ರಸ್ತೆಯೊಂದಿತ್ತು. ಉತ್ತರಕ್ಕೂ ಪಶ್ಚಿಮಕ್ಕೂ ಆಲ್ಪ್ಸ್ ಪರ್ವತ, ನಡುವೆ ಪೋ ನದಿ, ಸುತ್ತ ಕಾರ್ಮಿಕರ ಬಡಾವಣೆಗಳು, ಮುಷ್ಕರಗಳು. ನಮಗೆ ಇದಕ್ಕಿಂತಲೂ ಹತ್ತಿರದ ಸಂಬಂಧವೊಂದಿದೆ. ಅವೊಗಾಡ್ರೊ ಹುಟ್ಟಿದ್ದು ಇದೇ ಟ್ಯೂರಿನ್ನಿನಲ್ಲಿ, 1776ರಲ್ಲಿ. 1811ರಲ್ಲಿ ತನ್ನ ಪ್ರಸಿದ್ಧ ನಿಯಮವನ್ನು ಪ್ರಕಟಿಸಿದಾಗ ಆತ ಸಮೀಪದ ವೆರ್ಚೆಲ್ಲಿ ಎಂಬ ಊರಿನ ಶಾಲೆಯಲ್ಲಿ ಭೌತವಿಜ್ಞಾನದ ಅಧ್ಯಾಪಕ. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. 1856ರಲ್ಲಿ ಆತ ತೀರಿಕೊಂಡ. 1860ರಲ್ಲಿ ಕಾರ್ಲ್ಸ್‌ರೂಹೆಯ ಸಮ್ಮೇಳನದಲ್ಲಿ ಕನ್ನಿಜ್ಜಾರೊ ಎಂಬ ಇನ್ನೊಬ್ಬ ಇಟಾಲಿಯನ್ನನು ಎತ್ತಿ ಹೇಳಿದ ಮೇಲೆಯೇ ರಸಾಯನಶಾಸ್ತ್ರಜ್ಞರು ಕಿವಿಗೊಟ್ಟರು. ಕಡೆಗಣನೆಗೆ ಒಳಗಾಗುವುದು ಆ ಊರಿನ ಮಣ್ಣಿನ ಗುಣವೋ ಏನೋ.

ಈ ಮುದ್ರಿಕೆ ಹುಟ್ಟಿದ ಕಾಲವೂ ವಿಚಿತ್ರ. 1973ರ ತೈಲ ಬಿಕ್ಕಟ್ಟಿನಿಂದಾಗಿ ಇಟಲಿಯ ಸರ್ಕಾರವು ಆ ವರ್ಷದ ಡಿಸೆಂಬರ್ 2ರಿಂದ ಭಾನುವಾರಗಳಂದು ಖಾಸಗಿ ವಾಹನಗಳ ಸಂಚಾರವನ್ನೇ ನಿಷೇಧಿಸಿತ್ತು. ಕಾರು ಮಾಡುವ ಊರಿನಲ್ಲಿ ಕಾರಿಲ್ಲದ ಭಾನುವಾರಗಳು! ನಾನು ಆಗ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುತ್ತಿದ್ದೆ, ಸೀಮೆಎಣ್ಣೆಗೆ ಸರದಿ ನಿಲ್ಲುವುದು ನನ್ನ ಪಾಲಿನ ಕೆಲಸವಾಗಿತ್ತು. ಅದೇ ಬಿಕ್ಕಟ್ಟಿನ ಇನ್ನೊಂದು ತುದಿಯಲ್ಲಿ ಆರು ಜನ ಯುವಕರು ಈ ಸಂಗೀತವನ್ನು ಕಟ್ಟುತ್ತಿದ್ದರೆಂಬುದು ನನಗೆ ಇಂದಿಗೂ ಒಂದು ಬೆರಗು.

ಆ ಆರು ಜನರನ್ನು ಹೆಸರಿಸುವುದು ನ್ಯಾಯ. ಗಿಟಾರ್ ನುಡಿಸಿದವರು ಜಿಜಿ ವೆನೆಗೋನಿ, ಕೀಲಿಮಣೆ ವಾದ್ಯಗಳು ಬೆಪ್ಪೆ ಕ್ರೊವೆಲ್ಲಾ ಅವರದು, ಪಿಟೀಲು ಜೊವಾನ್ನಿ ವಿಲ್ಯಾರ್, ಸ್ಯಾಕ್ಸೊಫೋನ್, ಕ್ಲಾರಿನೆಟ್, ವೈಬ್ರಾಫೋನ್‌ಗಳಿಗೆ ಆರ್ತೂರೊ ವಿತಾಲೆ, ಬಾಸ್ ಗಿಟಾರ್ ಮಾರ್ಕೊ ಗಲ್ಲೇಸಿ, ಡ್ರಮ್ಸ್ ನಮ್ಮ ಕಿರಿಕೊ. ಕಿರಿಕೊ ಅದಕ್ಕೆ ಮೊದಲು 'ದಿ ಟ್ರಿಪ್' ಎಂಬ ತಂಡದಲ್ಲಿದ್ದು, ಅದರ 1972ರ 'ಅಟ್ಲಾಂಟಿಡೆ' ಮುದ್ರಿಕೆಯಲ್ಲಿ ನುಡಿಸಿದ್ದವರು. ಪ್ರಕಟಿಸಿದ್ದು ಕ್ರಾಂಪ್ಸ್ ಎಂಬ ಮಿಲಾನಿನ ಸಂಸ್ಥೆ. ಅದರ ಸ್ಥಾಪಕ ಜಾನ್ನಿ ಸಾಸ್ಸಿ ಜಾಹೀರಾತು ಮತ್ತು ವಿನ್ಯಾಸದ ಕ್ಷೇತ್ರದಿಂದ ಬಂದವರಾದ್ದರಿಂದ ಅಲ್ಲಿಂದ ಹೊರಟ ಪ್ರತಿ ಹೊದಿಕೆಯೂ ಒಂದು ಒಗಟಿನಂತಿರುತ್ತಿತ್ತು.

ವಾದ್ಯಗಳ ವಿಷಯದಲ್ಲಿ ಒಂದೆರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕ್ರೊವೆಲ್ಲಾ ನುಡಿಸುವ ಮೆಲೊಟ್ರಾನ್ ಎಂಬುದು ಹೊರನೋಟಕ್ಕೆ ಹಾರ್ಮೋನಿಯಂನ ಅಣ್ಣನಂತಿದ್ದರೂ ಒಳಗೆ ಪ್ರತಿಯೊಂದು ಮನೆಗೂ ಒಂದೊಂದು ಕಾಂತೀಯ ಟೇಪಿನ ತುಂಡು ಇರುತ್ತದೆ. ಆ ತುಂಡಿನ ಮೇಲೆ ನಿಜವಾದ ಪಿಟೀಲುಗಳ ಅಥವಾ ಕೊಳಲಿನ ಒಂದು ಸ್ವರ ಮುದ್ರಿತವಾಗಿರುತ್ತದೆ. ಮನೆಯನ್ನು ಒತ್ತಿದರೆ ಟೇಪು ಓಡುತ್ತದೆ. ಬಿಟ್ಟರೆ ಹಿಂದಕ್ಕೆ ಜಿಗಿಯುತ್ತದೆ. ಟೇಪಿನ ಉದ್ದ ಸುಮಾರು ಎಂಟು ಸೆಕೆಂಡು ಮಾತ್ರ. ಎಂಟು ಸೆಕೆಂಡಿಗಿಂತ ದೀರ್ಘವಾಗಿ ಉಸಿರೆಳೆಯಲಾರದ ವಾದ್ಯವದು; ಆ ಮಿತಿಯೇ ಅದರ ದನಿಗೆ ಒಂದು ಬಗೆಯ ವ್ಯಾಕುಲವನ್ನು ತರುತ್ತದೆಂದು ನನ್ನ ಅನಿಸಿಕೆ. ವೈಬ್ರಾಫೋನ್ ಎಂಬುದೋ ನಮ್ಮ ಅನುರಣನದ ಪಾಠವೇ. ಲೋಹದ ಪಟ್ಟಿಗಳ ಕೆಳಗೆ ಅವುಗಳ ಕಂಪನಕ್ಕೆ ಹೊಂದುವಷ್ಟೇ ಉದ್ದದ ಕೊಳವೆಗಳು, ಕೊಳವೆಯ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆಗಳು. ನೀರು ತುಂಬಿದ ಗಾಜಿನ ಕೊಳವೆಯ ಮೇಲೆ ಶ್ರುತಿಕವೆಯನ್ನು ಹಿಡಿದು "ಈಗ ಕೇಳಿಸಿತೇ?" ಎಂದು ನಿಮ್ಮನ್ನು ಕೇಳುತ್ತಿದ್ದೆನಲ್ಲ, ಅದೇ.

ಪಿಟೀಲು ನಮಗೆ ಬಂದದ್ದೂ ಆ ಕಡೆಯಿಂದಲೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಯುರೋಪಿಯನ್ನರಿಂದ ಕಲಿತು ನಮ್ಮ ಸಂಗೀತಕ್ಕೆ ತಂದರು. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿದರು. ಅದೇ ವಾದ್ಯವನ್ನು ವಿಲ್ಯಾರ್ ನುಡಿಸುವಾಗ ಗಮಕವಿಲ್ಲ; ಸ್ವರಗಳು ನೆಟ್ಟಗೆ ನಿಂತು ಬೆಳಗುತ್ತವೆ. ಮೊದಲು ಇದು ಬರಡೆನಿಸಿತು. ಐದಾರು ದಿನಗಳಾದ ಮೇಲೆ ಹಾಗೆನಿಸಲಿಲ್ಲ.

ಏಕೆಂದರೆ ಅಷ್ಟರಲ್ಲಿ ನನಗೆ ಈ ಸಂಗೀತದ ಒಳಕಟ್ಟು ಸ್ವಲ್ಪ ಕಾಣತೊಡಗಿತ್ತು. 'ಗ್ರಾವಿತಾ'ದಲ್ಲಿ ಪಿಟೀಲು, ಸ್ಯಾಕ್ಸೊಫೋನ್‌ಗಳು ಹಾಡುವ ರಾಗ ನಿಜಕ್ಕೂ ನಿಧಾನವಾದದ್ದು. ಬಾಯಲ್ಲಿ ಗುನುಗಬಹುದು, ನಾನು ಹೂಗಿಡಗಳಿಗೆ ನೀರು ಹಾಕುತ್ತ ಗುನುಗಿದ್ದೇನೆ. ಓಡುತ್ತಿರುವುದು ಡ್ರಮ್ ಮಾತ್ರ. ಸಾಮಾನ್ಯವಾಗಿ ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಡ್ರಮ್ ಎಂದರೆ ಗಡಿಯಾರ. ಉಳಿದವರು ತಪ್ಪದಂತೆ ಕಾಲವನ್ನು ಹೇಳುವುದು ಅದರ ಚಾಕರಿ. ಕಿರಿಕೊ ಗಡಿಯಾರವಾಗಲು ಒಪ್ಪುವುದಿಲ್ಲ. ರಾಗದ ಒಂದು ಸಾಲು ಮುಗಿದು ಇನ್ನೊಂದು ಏಳುವ ನಡುವಿನ ಎಡೆಯಲ್ಲಿ ನೂರು ಮಾತು ಆಡಿಬಿಡುತ್ತಾರೆ; ಆದರೂ ರಾಗದ ಕಾಲಿಗೆ ತೊಡರುವುದಿಲ್ಲ. ಇದು ನಮಗೆ ತೀರ ಹೊಸತೇನಲ್ಲ. ಒಳ್ಳೆಯ ಮೃದಂಗ ವಿದ್ವಾಂಸರು ಕೃತಿಗೆ ನುಡಿಸುವಾಗ ತಾಳವನ್ನಷ್ಟೇ ಒಪ್ಪಿಸುತ್ತಾರೆಯೇ? ಸಾಹಿತ್ಯದ ಸಾಲು ನಡೆಯುವ ಬಗೆಯನ್ನೇ ಹಿಡಿದು ಅದರ ಪಕ್ಕದಲ್ಲಿ ಇನ್ನೊಂದು ನಡೆಯನ್ನು ಕಟ್ಟುತ್ತಾರೆ. ತನಿ ಆವರ್ತನಕ್ಕಾಗಿ ಕಾಯಬೇಕಾಗಿಲ್ಲ. ಹಾಡಿನುದ್ದಕ್ಕೂ ಅವರು ಮಾತನಾಡುತ್ತಲೇ ಇರುತ್ತಾರೆ. ಹೀಗೆಂದು ಹೊಳೆದ ದಿನದಿಂದ ಗದ್ದಲವು ಗದ್ದಲವಾಗಿ ಕೇಳಿಸಲಿಲ್ಲ. ನಿಧಾನವಾಗಿ ಬೀಳುವ ಒಂದು ಗರಿ, ಅದರ ಸುತ್ತ ಆಲಿಕಲ್ಲಿನ ಮಳೆ. ಎರಡಕ್ಕೂ ಗುರುತ್ವ ಒಂದೇ.

ಇಲ್ಲಿಗೆ ಬರೆದು ನಿಲ್ಲಿಸಿದ್ದರೆ ಇದು ಸಂಗೀತದ ಲೇಖನವಾಗುತ್ತಿತ್ತು. ಆದರೆ ಆ ಡ್ರಮ್ಮನ್ನು ಕೇಳುತ್ತಿದ್ದಾಗಲೆಲ್ಲ ನನಗೆ ನೆನಪಾಗುತ್ತಿದ್ದುದು 1991ರ ಒಂದು ಮಧ್ಯಾಹ್ನ. ಆ ವರ್ಷದ ಒಂಬತ್ತನೆಯ ತರಗತಿಯವರು ಇದನ್ನು ಓದುತ್ತಿದ್ದರೆ ಯಾರ ವಿಷಯವೆಂದು ಅವರಿಗೆ ಈಗಾಗಲೇ ತಿಳಿದಿರುತ್ತದೆ. ದಯವಿಟ್ಟು ಹೆಸರು ಹೇಳಬೇಡಿ. ಕೊನೆಯ ಬೆಂಚಿನ ಆ ಹುಡುಗನ ಬೆರಳುಗಳು ಎಂದೂ ಸುಮ್ಮನಿರುತ್ತಿರಲಿಲ್ಲ. ಡೆಸ್ಕು, ಜ್ಯಾಮಿತಿ ಪೆಟ್ಟಿಗೆ, ಊಟದ ಡಬ್ಬಿ, ಪಕ್ಕದವನ ಬೆನ್ನು, ಎಲ್ಲವೂ ಅವನಿಗೆ ವಾದ್ಯ. ಅವನ ತಂದೆ ಊರ ಹಬ್ಬದಲ್ಲಿ ತಮಟೆ ಬಾರಿಸುವವರು. ನಾನು ಎರಡು ಸಲ ಎಚ್ಚರಿಸಿದೆ. ಮೂರನೆಯ ಸಲ ಮುಕ್ತವಾಗಿ ಬೀಳುವ ಕಾಯದ ಸಮೀಕರಣವನ್ನು ಬರೆಯುತ್ತಿದ್ದೆ. ಬೆನ್ನ ಹಿಂದೆ ಟಕಟಕ ಶುರುವಾಯಿತು. ಕರೆದು ಕೈ ಚಾಚಿಸಿ, ಮರದ ಅಡಿಕೋಲಿನ ಅಂಚಿನಿಂದ ಬೆರಳ ಗಿಣ್ಣುಗಳ ಮೇಲೆ ಹೊಡೆದೆ. ಎಷ್ಟು ಸಲವೆಂದು ಎಣಿಸಿದ್ದು ನಾನಲ್ಲ, ತರಗತಿ. ಹೊಡೆದು "ಇದಕ್ಕೇನು ಅರ್ಥ? ಅರ್ಥ ಹೇಳು, ಬಿಟ್ಟುಬಿಡ್ತೀನಿ" ಎಂದೆ. ಅವನು ಹೇಳಲಿಲ್ಲ. ಮರುದಿನವೂ ಬಂದ, ಬೆರಳು ಊದಿತ್ತು, ಡೆಸ್ಕು ಮೌನವಾಗಿತ್ತು. ನನಗೆ ಆ ಮೌನ ಗೆಲುವಿನಂತೆ ತೋರಿತ್ತು. ಹತ್ತನೆಯ ತರಗತಿಯ ಪರೀಕ್ಷೆಗೆ ಅವನು ಕೂರಲಿಲ್ಲ.

ಆ ಕಾಲದಲ್ಲಿ ಎಲ್ಲರೂ ಹೊಡೆಯುತ್ತಿದ್ದರು ಎಂದು ನನ್ನ ಸಹೋದ್ಯೋಗಿ ಮಿತ್ರರು ಸಮಾಧಾನ ಹೇಳುತ್ತಾರೆ. ಹೊಡೆಯುತ್ತಿದ್ದರು, ನಿಜ. ನಾನು ಬಿ.ಎಡ್.ನಲ್ಲಿ ಮಕ್ಕಳ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಮೊದಲ ದರ್ಜೆ ಪಡೆದವನಾಗಿದ್ದೆ ಎಂಬುದನ್ನೂ ಸೇರಿಸುತ್ತೇನೆ.

ಮುದ್ರಿಕೆಗೆ ಮರಳೋಣ. ಅದರ ಎಲ್ಲ ಭಾಗಗಳನ್ನೂ ನಾನು ಹೊಗಳಲಾರೆ. ಹೆಚ್ಚು ಪಾಲು ವಾದ್ಯ ಸಂಗೀತವೇ ಆದರೂ 'ಸ್ಟ್ರಿಪ್ಸ್'ನಲ್ಲಿಯೂ ದೀರ್ಘವಾದ 'ಆರ್ತಿಕೊಲಾತ್ಸಿಯೋನಿ'ಯಲ್ಲಿಯೂ ಸ್ವಲ್ಪ ಹಾಡಿಕೆ ಇದೆ. ಆ ಹಾಡಿಕೆ ವಾದನದ ಎತ್ತರಕ್ಕೆ ಏರುವುದಿಲ್ಲ. ಮಾತಿಲ್ಲವೆಂದು ದೂರುತ್ತಿದ್ದ ನಾನೇ ಮಾತು ಬಂದಾಗ ಮುಖ ಸಿಂಡರಿಸಿದೆ! ಕೊನೆಯ ತುಣುಕಾದ 'ಟಿಲ್ಟ್' ಎರಡೂವರೆ ನಿಮಿಷದ ವಿದ್ಯುನ್ಮಾನ ಗೊಂದಲ. ನಾಣ್ಯ ಹಾಕಿ ಆಡುವ ಪಿನ್‌ಬಾಲ್ ಯಂತ್ರವನ್ನು ಆಟಗಾರ ಕೈಯಿಂದ ಅಲುಗಿಸಿದರೆ ಯಂತ್ರ ಆಟವನ್ನು ನಿಲ್ಲಿಸಿ ಈ ಪದವನ್ನು ತೋರಿಸುತ್ತದೆಯಂತೆ. ಅರ್ಥವೇನೋ ಸರಿ, ಕೇಳಲು ಸುಖವಿಲ್ಲ. ಆದರೆ 'ಇನ್ ಕಮ್ಮೀನೊ', ಅಂದರೆ 'ದಾರಿಯಲ್ಲಿ', ಎಂಬ ಐದೂವರೆ ನಿಮಿಷದ ತುಣುಕು ನನಗೆ ಎಲ್ಲಕ್ಕಿಂತ ಪ್ರಿಯ. ಹದಿಮೂರು ನಿಮಿಷಕ್ಕೂ ಮಿಗಿಲಾದ 'ಆರ್ತಿಕೊಲಾತ್ಸಿಯೋನಿ' ಎಂದರೆ ಕೀಲುಗಳು, ಸಂಧಿಗಳು. ಮೂಳೆಗಿಂತ ಕೀಲು ಮುಖ್ಯವೆಂಬಂತೆ ಅದು ಒಂದು ಭಾವದಿಂದ ಇನ್ನೊಂದಕ್ಕೆ ಮಡಿಚಿಕೊಳ್ಳುತ್ತ ಹೋಗುತ್ತದೆ. ಹುಡುಗ ಕೇಳಿದ: "ಇದನ್ನ ಕೇಳುವಾಗ ಏನು ಯೋಚನೆ ಮಾಡ್ಬೇಕು ಸಾರ್?" ಏನೂ ಮಾಡಬೇಡ ಎಂದೆ. ನನ್ನ ಬಾಯಿಂದ ಆ ಉತ್ತರ ಬಂದದ್ದು ಅದೇ ಮೊದಲು.

ಇಷ್ಟು ಚೆಲುವಾದದ್ದು ಏಕೆ ಮೂಲೆಗೆ ಸರಿಯಿತು ಎಂದು ನಾವಿಬ್ಬರೂ ಬಹಳ ಚರ್ಚಿಸಿದೆವು. ಅದೇ ಕಾಲದ ಮಿಲಾನಿನ ಪಿ.ಎಫ್.ಎಂ. ತಂಡಕ್ಕೆ ಇಂಗ್ಲಿಷಿನಲ್ಲಿ ಸಾಹಿತ್ಯ ಬರೆದುಕೊಡಲು ಪೀಟ್ ಸಿನ್‌ಫೀಲ್ಡ್ ದೊರೆತರು. 1973ರ 'ಫೋಟೋಸ್ ಆಫ್ ಘೋಸ್ಟ್ಸ್' ಅವರನ್ನು ಹೊರದೇಶಗಳಿಗೆ ಒಯ್ದಿತು. ಕ್ರಾಂಪ್ಸ್ ಸಂಸ್ಥೆಯಲ್ಲಿಯೇ ಇದ್ದ 'ಆರೆಯಾ' ತಂಡಕ್ಕೆ ದೆಮೆತ್ರಿಯೊ ಸ್ತ್ರಾತೋಸ್ ಎಂಬ ಅಸಾಧಾರಣ ಕಂಠವಿತ್ತು. 1979ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡ ಮೇಲೂ ಆ ಕಂಠದ ಕಥೆ ಉಳಿಯಿತು. ಇವರಿಗೆ ಇಂಗ್ಲಿಷೂ ಇರಲಿಲ್ಲ, ಕಂಠವೂ ಇರಲಿಲ್ಲ. ಭಾಷೆಯ ಗೋಡೆಯೇ ಇಲ್ಲದ ಸಂಗೀತವು ಗಡಿ ದಾಟದೆ, ಭಾಷೆಯುಳ್ಳದ್ದು ಅನುವಾದವಾಗಿ ದಾಟಿತು! ಜೊತೆಗೆ ಅಮೆರಿಕದಲ್ಲಿ ಜಾನ್ ಮೆಕ್‌ಲಾಫ್ಲಿನ್ನರ ಮಹಾವಿಷ್ಣು ಆರ್ಕೆಸ್ಟ್ರಾ 1971ರಲ್ಲೇ ಪಿಟೀಲು, ಗಿಟಾರು, ವೇಗದ ಡ್ರಮ್ಮುಗಳ ಈ ಕೂಟವನ್ನು ಲೋಕಕ್ಕೆ ಕೇಳಿಸಿತ್ತು; ಆದ್ದರಿಂದ ಟ್ಯೂರಿನ್ನಿನವರನ್ನು ಅನುಕರಣೆಯೆಂದು ಬದಿಗೆ ಸರಿಸುವುದು ಸುಲಭವಾಯಿತು. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಎರಡನ್ನೂ ಕೇಳಿ ನೋಡಿದ್ದೇನೆ. ಅಲ್ಲಿ ಬೆಂಕಿ ಹೆಚ್ಚು. ಹಾಡಿಕೊಳ್ಳಬಹುದಾದ ರಾಗ ಇಲ್ಲಿ ಹೆಚ್ಚು.

ಹೀಗೆ ಹುಡುಕುತ್ತ ಹೋದಾಗ ದಾರಿ ನಮ್ಮ ಬೆಂಗಳೂರಿಗೇ ಬಂದು ಮುಟ್ಟಿದ್ದು ಸೋಜಿಗ. ಮ್ಯೂನಿಕ್ ನಗರದ 'ಎಂಬ್ರಿಯೊ' ಎಂಬ ಇಂಥದೇ ತಂಡದಲ್ಲಿ 1973ರ ಸುಮಾರಿಗೆ ಸ್ಯಾಕ್ಸೊಫೋನ್ ನುಡಿಸಿದ್ದ ಚಾರ್ಲಿ ಮರಿಯಾನೊ ಮುಂದೆ ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಲಾವಿದರೊಡನೆ ಸೇರಿ ನುಡಿಸಿದರು, ಮ್ಯೂನಿಕ್ಕಿನ ಇ.ಸಿ.ಎಂ. ಸಂಸ್ಥೆ 1983ರಲ್ಲಿ ಅದನ್ನು 'ಜ್ಯೋತಿ' ಎಂಬ ಹೆಸರಿನಲ್ಲಿ ಪ್ರಕಟಿಸಿತು. ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ. ಇದನ್ನೆಲ್ಲ ನಾನು ತಿಳಿದುಕೊಂಡ ಅದೇ 2020ರಲ್ಲಿ ಮಣಿಯವರು ತೀರಿಕೊಂಡರು. ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟು ದೂರದಲ್ಲಿದ್ದವರ ವಿಷಯವನ್ನು ತಿಳಿಯಲು ನನಗೆ ಟ್ಯೂರಿನ್ನಿನ ಸುತ್ತು ಬೇಕಾಯಿತು.

ಟ್ಯೂರಿನ್ನಿನ ಹುಡುಗ ಕ್ಷೇಮವಾಗಿ ಓದು ಮುಗಿಸಿದ, ಈಗ ಜರ್ಮನಿಯಲ್ಲಿದ್ದಾನೆ. ತಂಡದ ವಿಷಯಕ್ಕೆ ಬಂದರೆ, 1975ರಲ್ಲಿ 'ಜೀರೊ ದಿ ವಾಲ್ಟ್ಸರ್ ಪೆರ್ ದೊಮಾನಿ' ಎಂಬ ಎರಡನೆಯ ಮುದ್ರಿಕೆ ಬಂತು. ಆಮೇಲೆ ಸದಸ್ಯರು ಚದುರಿ, ಬಹುಕಾಲದ ನಂತರ ಮತ್ತೆ ಕೂಡಿ, 2005ರಲ್ಲಿ ಜಪಾನಿಗೂ ಹೋಗಿ ನುಡಿಸಿದರು.

ಇನ್ನೊಬ್ಬ ಹುಡುಗನ ಸಂಗತಿ. 2024ರ ಡಿಸೆಂಬರಿನಲ್ಲಿ ಹಳೆಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ಗುರುವಂದನೆಗೆ ಅವನು ಬಂದಿದ್ದ. ಬಂದದ್ದು ಸನ್ಮಾನಿಸಲು ಅಲ್ಲ, ಶಾಮಿಯಾನ ಹಾಕಲು; ಅವನದೇ ಅಂಗಡಿ, ಜೊತೆಗೊಂದು ಬ್ಯಾಂಡ್‌ಸೆಟ್ಟೂ ಇದೆ. ಐವತ್ತರ ಹತ್ತಿರದ ವಯಸ್ಸು, ನರೆತ ಮೀಸೆ. ಕಾರ್ಯಕ್ರಮ ಮುಗಿದು ಕುರ್ಚಿಗಳನ್ನು ಎತ್ತಿಡುತ್ತಿದ್ದಾಗ ನಾನೇ ಹೋಗಿ ಹತ್ತಿರ ಕುಳಿತೆ. 1991 ಎಂದು ಆರಂಭಿಸಿದೆ. ಅವನು ತಡೆದು, "ಬಿಡಿ ಸಾರ್, ನನಗೆ ಮರ್ತೇ ಹೋಗಿತ್ತು" ಎಂದ. ಮರೆತವನು ಯಾವುದೆಂದು ಕೇಳದೆಯೇ ಹಾಗೆನ್ನುವುದಿಲ್ಲ. ನಾನು ಆಡಬೇಕೆಂದುಕೊಂಡು ಬಂದಿದ್ದ ಮಾತನ್ನು ಹೇಗೋ ಆಡಿದೆ, ಚೆನ್ನಾಗಿ ಆಡಲಿಲ್ಲ. ಅವನು ತಲೆ ತಗ್ಗಿಸಿ ಮೇಜುಬಟ್ಟೆಯನ್ನು ಮಡಿಚುತ್ತಿದ್ದ. ಮುಂದೇನು ಹೇಳಬೇಕೆಂದು ತೋಚದೆ ಮೊಬೈಲಿನಲ್ಲಿ 'ಗ್ರಾವಿತಾ 9,81' ಹಚ್ಚಿ ಅವನ ಮುಂದಿಟ್ಟೆ.

ಅವನು ಅಲುಗದೆ ಕೇಳಿದ. ಅರ್ಧಕ್ಕೆ ಬಂದಾಗ ಬಲಗೈ ಬೆರಳುಗಳು ಪ್ಲಾಸ್ಟಿಕ್ ಕುರ್ಚಿಯ ತೋಳಿನ ಮೇಲೆ ಎದ್ದವು, ನನ್ನನ್ನು ಒಮ್ಮೆ ನೋಡಿ ನಿಂತವು, ಮತ್ತೆ ಎದ್ದವು. ಎಡಗೈಯ ಉಂಗುರ ಬೆರಳಿನ ಗಿಣ್ಣು ತುಸು ದಪ್ಪವಾಗಿದೆ. ಅದು ಆ ದಿನದ್ದೇ, ಅಲ್ಲವೇ, ಕೇಳುವ ಧೈರ್ಯ ನನಗಾಗಲಿಲ್ಲ.

"ಎಡಗೈ ಕೇಳಿ ಸಾರ್," ಎಂದ. "ಬಲಗೈ ಎಲ್ಲೆಲ್ಲೋ ಸುತ್ತಾಡ್ತದೆ. ಎಡಗೈ ಮಾತ್ರ ಆ ಸಣ್ಣ ಡ್ರಮ್ಮು ಬಿಟ್ಟು ಆಚೆ ಹೋಗಂಗಿಲ್ಲ. ಒಳಗೊಳಗೇ ಸಣ್ಣಗೆ ಮೊರೀತಾನೇ ಇರ್ತದೆ. ಅದಿಲ್ದಿದ್ರೆ ಇಷ್ಟೊತ್ತಿಗೆ ಎಲ್ಲಾ ಬಿದ್ದೋಗಿರೋದು."

ನಾಲ್ಕು ವರ್ಷಗಳಿಂದ ನೂರಾರು ಸಲ ಕೇಳಿದ್ದೆ. ಆ ಎಡಗೈಯನ್ನು ನಾನು ಕೇಳಿಯೇ ಇರಲಿಲ್ಲ. ಇನ್ನೊಮ್ಮೆ ಹಾಕಿ ಎಂದ. ಹಾಕಿದೆ. ಈ ಸಲ ನನಗೂ ಕೇಳಿಸಿತು.

"ನಿಮ್ಮ ಬ್ಯಾಂಡಿನಲ್ಲಿ ಇಂಥದ್ದು ನುಡಿಸಬಹುದೇ?" ಎಂದು ಕೇಳಿದೆ. ಅವನು ಮೊದಲ ಸಲ ಬಾಯಿತುಂಬ ನಕ್ಕ.

"ನುಡಿಸ್ಬೋದು ಸಾರ್. ಆದ್ರೆ ಹೆಣ್ಣಿನ ಕಡೆಯೋರು ದುಡ್ಡು ಕೊಡಲ್ಲ."